ಪಿಷ್ಟತ್ಯಾಗ ಮತ್ತು ರಸಪರಿತ್ಯಾಗ

ಕ್ರಿ.ಶ. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ನಮ್ಮ ಮನೆಗಳಲ್ಲಿ ಹೆಸರಿನಿಂದ ಪರಿಚಿತವಾಗಿಯೂ ಓದಿನಿಂದ ಅಪರಿಚಿತವಾಗಿಯೂ ಉಳಿದಿರುವ ಗ್ರಂಥಗಳಲ್ಲಿ ಒಂದು. ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’, ‘ನೇಮಿಜಿನೇಶ ಸಂಗತಿ’ಗಳನ್ನು ರಚಿಸಿದ ಕವಿಯೇ ವಾರ್ಧಕ ಷಟ್ಪದಿಯಲ್ಲಿ ಪಾಕಶಾಸ್ತ್ರವನ್ನೂ ಹೇಳಿದನೆಂಬುದು ನಮಗೆ ಸ್ವಲ್ಪ ವಿಚಿತ್ರವಾಗಿ ತೋರಬಹುದು, ಆದರೆ ಶ್ರಾವಕನ ಆಚಾರದ ಬಹುಭಾಗ ಅಡುಗೆಮನೆಯಲ್ಲಿಯೇ ನಡೆಯುತ್ತದೆಂಬುದನ್ನು ನೆನೆದರೆ ವಿಚಿತ್ರವೇನೂ ಇಲ್ಲ. ಈ ಗ್ರಂಥವು ಪಿಷ್ಟಪಾಕದಿಂದ ಆರಂಭವಾಗುತ್ತದೆ. ಪಾನಕಗಳು, ಕಳಮಾನ್ನ, ಬದನೆ ಬಾಳೆ ಹಲಸುಗಳ ಪಲ್ಯಗಳು ಅನಂತರ ಬರತಕ್ಕವು. ಕವಿಗೆ ಪಿಷ್ಟವೆಂದರೆ ಹಿಟ್ಟು. ಹಿಟ್ಟಿನಿಂದಾಗುವ ಭಕ್ಷ್ಯಗಳೆಲ್ಲ ಅದರಲ್ಲಿ ಅಡಕ. ಇಂದಿನ ಶಾಲೆಯ ವಿಜ್ಞಾನಪುಸ್ತಕದಲ್ಲಿಯೂ ಅದೇ ಪದವಿದೆ. ಅಲ್ಲಿ ಪಿಷ್ಟವೆಂದರೆ ಧಾನ್ಯದ ಒಳಗಣ ಸತ್ತ್ವ, ಶರ್ಕರಪಿಷ್ಟವೆಂಬ ವರ್ಗದ ಒಂದು ಭಾಗ. ಐದು ಶತಮಾನಗಳ ಹಿಂದೆ ಜೈನ ಕವಿಯೊಬ್ಬನು ಯಾವುದನ್ನು ಊಟದ ಮೊದಲ ಅಧ್ಯಾಯವಾಗಿ ಮಾಡಿದನೋ ಅದನ್ನೇ ಇಂದು ಊಟದಿಂದ ಹೊರಹಾಕಬೇಕೆಂಬ ಬೋಧೆ ನಮ್ಮ ಊರುಗಳವರೆಗೂ ಬಂದಿದೆ.

ಬಂದುದು ಹೇಗೆಂಬುದನ್ನು ಹೇಳುತ್ತೇನೆ. ನರಸಿಂಹರಾಜಪುರದ ಕಡೆಯ ಬಂಧುಗಳ ಮನೆಯ ಗೃಹಪ್ರವೇಶದಲ್ಲಿ ಊಟವಾದ ಮೇಲೆ ತಾಂಬೂಲದ ಜೊತೆಗೆ ನಾಲ್ಕು ಪುಟದ ಕರಪತ್ರವೊಂದನ್ನು ಹಂಚಿದರು. ಬರೆದವರು ಯಾರೆಂಬುದು ಇಲ್ಲಿ ಅಪ್ರಸ್ತುತ. ಇಂತಹ ಕರಪತ್ರಗಳು ಶೃಂಗೇರಿಯಲ್ಲಿಯೂ ಕೊಪ್ಪದಲ್ಲಿಯೂ ಬೇರೆ ಬೇರೆ ಹೆಸರಿನಲ್ಲಿ ಕೈಯಿಂದ ಕೈಗೆ ಸಾಗಿವೆ. ಅದರ ಸಾರವಿಷ್ಟು: ಮುಪ್ಪು ವಯಸ್ಸಿನಿಂದ ಬರುವುದಲ್ಲ, ಅನ್ನದಿಂದ ಬರುವುದು, ಅನ್ನ, ರೊಟ್ಟಿ, ಬೆಲ್ಲಗಳನ್ನು ಬಿಟ್ಟು ತುಪ್ಪ, ಕೊಬ್ಬರಿ, ಪನೀರು, ಬಾದಾಮಿಗಳನ್ನು ಸೇವಿಸಿದರೆ ದೇಹವು ಇಪ್ಪತ್ತು ವರ್ಷ ಹಿಂದಕ್ಕೆ ಸರಿಯುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆಗಳು ತಾವಾಗಿಯೇ ಉದುರುತ್ತವೆ. ಕೊನೆಯ ಪುಟದಲ್ಲಿ, ಇದು ನಮ್ಮ ಆಚಾರ್ಯರು ಹೇಳಿದ ತಪಸ್ಸಿನ ಆಧುನಿಕ ರೂಪವೆಂಬ ಮಾತೂ ಇತ್ತು. ಈ ಕೊನೆಯ ಮಾತು ಇಲ್ಲದಿದ್ದರೆ ನಾನು ಆ ಕಾಗದವನ್ನು ಅಡಕೆಯ ಸಿಪ್ಪೆಯ ಜೊತೆಗೆ ಎಸೆಯುತ್ತಿದ್ದೆನೋ ಏನೋ. ಆದರೆ ನನ್ನ ಸೋದರಮಾವನವರು, ಎಪ್ಪತ್ತನಾಲ್ಕರ ವೃದ್ಧರು, ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮಾರನೆಯ ದಿನದಿಂದಲೇ ಅವರು ಅನ್ನವನ್ನು ಬಿಟ್ಟರು.

ಈ ಆಹಾರಕ್ರಮ ಹೊಸದೆಂದು ತಿಳಿಯಬಾರದು. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯವನಾಗಿದ್ದ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯನು ವೈದ್ಯ ವಿಲಿಯಂ ಹಾರ್ವೆಯ ಸಲಹೆಯಂತೆ ರೊಟ್ಟಿ, ಸಕ್ಕರೆ, ಆಲೂಗೆಡ್ಡೆಗಳನ್ನು ತ್ಯಜಿಸಿ ತೂಕ ಇಳಿಸಿಕೊಂಡು, 1863ರಲ್ಲಿ ತನ್ನ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದನು. 1921ರಲ್ಲಿ ಅಮೆರಿಕೆಯ ಮೇಯೋ ಚಿಕಿತ್ಸಾಲಯದ ರಸೆಲ್ ವೈಲ್ಡರ್ ಎಂಬ ವೈದ್ಯನು ಅಪಸ್ಮಾರದ ರೋಗಿಗಳಿಗಾಗಿ, ಪಿಷ್ಟ ಅತ್ಯಲ್ಪವೂ ಕೊಬ್ಬು ಅತ್ಯಧಿಕವೂ ಆದ ಆಹಾರವನ್ನು ಸೂಚಿಸಿ ಅದಕ್ಕೆ ಕೀಟೋಜೆನಿಕ್ ಎಂದು ಹೆಸರಿಟ್ಟನು. ದೇಹಕ್ಕೆ ಸಕ್ಕರೆ ದೊರೆಯದಿದ್ದಾಗ ಯಕೃತ್ತು ಕೊಬ್ಬನ್ನು ಕೀಟೋನ್ ಎಂಬ ದ್ರವ್ಯವಾಗಿ ಮಾರ್ಪಡಿಸುತ್ತದೆ. ಮಿದುಳು ಅದನ್ನೇ ಇಂಧನವಾಗಿ ಬಳಸುತ್ತದೆ. ರೋಗವೊಂದಕ್ಕೆ ಹುಟ್ಟಿದ ಈ ಪಥ್ಯವು 1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಎಂಬ ವೈದ್ಯನ ಪುಸ್ತಕದ ಮೂಲಕ ತೂಕ ಇಳಿಸುವ ಮಾರ್ಗವಾಗಿ ಮನೆಮಾತಾಯಿತು. ಗಮನಿಸಬೇಕಾದುದೇನೆಂದರೆ, ಈ ಮೂವರಲ್ಲಿ ಯಾರ ಊಟದಲ್ಲಿಯೂ ಮಾಂಸ ಮೊಟ್ಟೆಗಳಿಗೆ ನಿಷೇಧವಿರಲಿಲ್ಲ. ಪಿಷ್ಟವನ್ನು ತೆಗೆದ ಜಾಗದಲ್ಲಿ ಅವರು ಇಟ್ಟದ್ದು ಬಹುಮಟ್ಟಿಗೆ ಪ್ರಾಣಿಜನ್ಯ ಆಹಾರ. ನಮ್ಮ ಕರಪತ್ರವು ಮಾಂಸವನ್ನು ತೆಗೆದು ಪನೀರನ್ನು ಇಟ್ಟಿದೆ. ಉಳಿದೆಲ್ಲ ವಾಕ್ಯಗಳು ಅವರವೇ.

ಇನ್ನು ನಮ್ಮ ಊಟದ ಲೆಕ್ಕಕ್ಕೆ ಬರೋಣ. ತುಂಗೆಯ ದಡದ ಶೃಂಗೇರಿಯಿಂದ ಭದ್ರೆಯ ಹಿನ್ನೀರಿನ ನರಸಿಂಹರಾಜಪುರದವರೆಗೆ, ನಡುವೆ ಕೊಪ್ಪದ ತೋಟಸೀಮೆಯನ್ನೂ ಕೂಡಿಸಿಕೊಂಡು, ಮಲೆನಾಡಿನ ಊಟವೆಂದರೆ ಅಕ್ಕಿ. ಬೆಳಿಗ್ಗೆ ಕಡುಬು ಅಥವಾ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸೂರ್ಯಾಸ್ತದ ಮುಂಚೆ ಮತ್ತೆ ಅನ್ನ ಅಥವಾ ಗಂಜಿ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರಕೋಷ್ಟಕ ಹೇಳುತ್ತದೆ. ದಿನಕ್ಕೆ 400 ಗ್ರಾಂ ಅಕ್ಕಿ ಉಣ್ಣುವವನಿಗೆ ಅಕ್ಕಿಯೊಂದರಿಂದಲೇ 312 ಗ್ರಾಂ ಪಿಷ್ಟ, ಅಂದರೆ ಸುಮಾರು 1250 ಕ್ಯಾಲರಿ. ಒಟ್ಟು 2000 ಕ್ಯಾಲರಿಯ ಊಟದಲ್ಲಿ ಇದೇ ನೂರಕ್ಕೆ ಅರವತ್ತೆರಡು ಭಾಗವಾಯಿತು. ಬೆಲ್ಲ, ಬಾಳೆಹಣ್ಣು, ಹಲಸಿನ ತೊಳೆ ಇದರ ಮೇಲೆ. ನಮ್ಮ ಅಜ್ಜಂದಿರು ಇದಕ್ಕಿಂತ ಹೆಚ್ಚು ಉಂಡರು, ನಿಜ. ಆದರೆ ಅವರು ಗದ್ದೆಯಲ್ಲಿ ನಿಂತರು, ಸೊಪ್ಪಿನ ಬೆಟ್ಟ ಹತ್ತಿದರು, ಮದುವೆಗೆ ಹತ್ತು ಮೈಲಿ ನಡೆದರು. ಗದ್ದೆಗಳು ಅಡಕೆತೋಟಗಳಾಗಿವೆ, ಗುಡ್ಡದ ಮನೆಗೂ ಜೀಪು ಹೋಗುತ್ತದೆ. ಅನ್ನದ ಬಟ್ಟಲು ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ.

ಆದುದರಿಂದ ಕರಪತ್ರವನ್ನು ನೋಡಿ ನಗುವವರ ಪಕ್ಷವನ್ನೂ ನಾನು ಪೂರ್ಣವಾಗಿ ವಹಿಸಲಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯಂತೆ ನಮ್ಮ ವಯಸ್ಕರಲ್ಲಿ ನೂರಕ್ಕೆ 11.4 ಮಂದಿ ಮಧುಮೇಹಿಗಳು, 15.3 ಮಂದಿ ಅದರ ಹೊಸ್ತಿಲಿನಲ್ಲಿರುವವರು. ಅದೇ ಅಧ್ಯಯನತಂಡವು 2025ರಲ್ಲಿ ಪ್ರಕಟಿಸಿದ ಇನ್ನೊಂದು ಬರಹದಂತೆ ಭಾರತೀಯನ ಶಕ್ತಿಯಲ್ಲಿ ಸುಮಾರು ನೂರಕ್ಕೆ 62 ಭಾಗ ಶರ್ಕರಪಿಷ್ಟದಿಂದ ಬರುತ್ತದೆ. ಸಸಾರಜನಕದಿಂದ ಬರುವುದು ಕೇವಲ 12 ಭಾಗ. ಆ ಬರಹದಲ್ಲಿ ನಮ್ಮವರಿಗೆ ಕಹಿಯಾಗಬಹುದಾದ ಮಾತೊಂದಿದೆ. ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದು, ಒಟ್ಟು ಪಿಷ್ಟದ ಮೊತ್ತವನ್ನು ಹಾಗೆಯೇ ಉಳಿಸಿಕೊಂಡರೆ ಮಧುಮೇಹದ ಅಪಾಯ ತಗ್ಗಿದಂತೆ ಕಂಡುಬರಲಿಲ್ಲ. ತಗ್ಗಿದುದು ಪಿಷ್ಟದ ಒಂದು ಭಾಗವನ್ನು ಕಾಳುಬೇಳೆ ಅಥವಾ ಹಾಲಿನ ಸಸಾರಜನಕದಿಂದ ತುಂಬಿದಾಗ. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಸಾಮೆಯ ಅನ್ನವನ್ನು ಎರಡು ಸಲ ಬಡಿಸಿಕೊಳ್ಳುವ ಶ್ರಾವಕರನ್ನು ನಾನು ಬಲ್ಲೆ. ಸಾಮೆಯ ನೂರು ಗ್ರಾಮಿನಲ್ಲಿಯೂ ಸುಮಾರು 65 ಗ್ರಾಂ ಪಿಷ್ಟವಿದೆ, ರಾಗಿಯಲ್ಲಿ 67. ನಾರು ಹೆಚ್ಚು, ಖನಿಜ ಹೆಚ್ಚು, ಅದು ಒಳ್ಳೆಯದೇ. ಆದರೆ ಬಟ್ಟಲು ಬಟ್ಟಲೇ.

ಹಾಗಾದರೆ ಕರಪತ್ರವು ಸರಿಯೇ? ಮುಪ್ಪಿನ ವಿಷಯದಲ್ಲಿ ಅದು ಹೇಳುವುದಕ್ಕೆ ತದ್ವಿರುದ್ಧವಾದ ಪ್ರಮಾಣವೊಂದಿದೆ. ಅಮೆರಿಕೆಯ ನಾಲ್ಕು ಸಮುದಾಯಗಳಿಂದ ಆಯ್ದ 45ರಿಂದ 64 ವಯಸ್ಸಿನ 15,428 ಮಂದಿಯನ್ನು ಇಪ್ಪತ್ತೈದು ವರ್ಷಗಳಷ್ಟು ಕಾಲ ಗಮನಿಸಿದ ಅಧ್ಯಯನವೊಂದರ ಫಲವು 2018ರಲ್ಲಿ ‘ಲ್ಯಾನ್ಸೆಟ್’ ಬಳಗದ ಸಾರ್ವಜನಿಕ ಆರೋಗ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಕ್ತಿಯ ಅರ್ಧದಷ್ಟನ್ನು, ಅಂದರೆ ನೂರಕ್ಕೆ 50ರಿಂದ 55 ಭಾಗವನ್ನು ಪಿಷ್ಟದಿಂದ ಪಡೆದವರಲ್ಲಿ ಮರಣದ ಪ್ರಮಾಣ ಅತಿ ಕಡಿಮೆ. ಅದಕ್ಕಿಂತ ತೀರ ಕಡಿಮೆ ಪಡೆದವರಲ್ಲಿಯೂ ತೀರ ಹೆಚ್ಚು ಪಡೆದವರಲ್ಲಿಯೂ ಮರಣ ಹೆಚ್ಚು. ನಕ್ಷೆಯ ಗೆರೆ ತೊಟ್ಟಿಲಿನಂತೆ ನಡುವೆ ತಗ್ಗಿ ಎರಡು ತುದಿಯಲ್ಲಿ ಏರುತ್ತದೆ. ಐವತ್ತು ವಯಸ್ಸಿನವನ ಉಳಿದ ಆಯುಸ್ಸನ್ನು ಅವರು ಅಂದಾಜು ಮಾಡಿದಾಗ, ಮಧ್ಯಮ ಪಿಷ್ಟದವನಿಗೆ 33.1 ವರ್ಷ, ನೂರಕ್ಕೆ 65 ಭಾಗಕ್ಕಿಂತ ಮೇಲಿನವನಿಗೆ 32 ವರ್ಷ, 30 ಭಾಗಕ್ಕಿಂತ ಕೆಳಗಿನವನಿಗೆ 29.1 ವರ್ಷ. ಪಿಷ್ಟದ ಜಾಗದಲ್ಲಿ ಮಾಂಸವನ್ನಿಟ್ಟವರಲ್ಲಿ ಮರಣ ಏರಿತು. ಕಾಳು, ಬೀಜ, ತರಕಾರಿಗಳನ್ನಿಟ್ಟವರಲ್ಲಿ ಇಳಿಯಿತು.

ಈ ಅಂಕೆಗಳನ್ನು ಕಂಡು ನಮ್ಮವರು ಬೀಗಬಾರದೆಂಬುದು ನನ್ನ ಅಭಿಪ್ರಾಯ. ಅದು ಪ್ರಯೋಗವಲ್ಲ, ಅವಲೋಕನ. ಏನು ತಿಂದಿರಿ ಎಂದು ಅವರನ್ನು ಕೇಳಿದ್ದು ಎರಡೇ ಸಲ, ಆರು ವರ್ಷಗಳ ಅಂತರದಲ್ಲಿ. ಉಳಿದ ಇಪ್ಪತ್ತು ವರ್ಷ ಅವರು ಏನು ತಿಂದರೆಂಬುದು ಊಹೆ. ಪಿಷ್ಟ ಬಿಟ್ಟು ಮಾಂಸ ತಿಂದವನು ಸಿಗರೇಟನ್ನೂ ಸೇದುತ್ತಿದ್ದಿರಬಹುದು. ಇಂತಹ ಸಂಗತಿಗಳನ್ನು ಗಣಿತದಿಂದ ಕಳೆದರೂ ಪೂರ್ಣವಾಗಿ ಕಳೆಯಲಾಗದು. ಇದಕ್ಕೆ ಒಂದು ವರ್ಷ ಮುಂಚೆ, 2017ರಲ್ಲಿ, ಭಾರತವೂ ಸೇರಿದ ಹದಿನೆಂಟು ದೇಶಗಳ 1,35,335 ಮಂದಿಯ ಅಧ್ಯಯನವು ಹೆಚ್ಚು ಪಿಷ್ಟ ತಿನ್ನುವವರಲ್ಲಿಯೇ ಮರಣ ಹೆಚ್ಚೆಂದು ಹೇಳಿ ಕೋಲಾಹಲವೆಬ್ಬಿಸಿತ್ತು. ಎರಡೂ ಒಂದಕ್ಕೊಂದು ವಿರುದ್ಧವೆಂದು ಹಲವರು ಬರೆದರು. ನನಗೆ ಹಾಗೆ ತೋರುವುದಿಲ್ಲ. ಒಂದು ಅಧ್ಯಯನ ತೊಟ್ಟಿಲಿನ ಎರಡು ತುದಿಗಳನ್ನೂ ಕಂಡಿತು. ಇನ್ನೊಂದು ಬಡದೇಶಗಳ ಅನ್ನದ ರಾಶಿಯಿರುವ ತುದಿಯನ್ನು ಹೆಚ್ಚಾಗಿ ಕಂಡಿತು. ನಾವು ನಿಂತಿರುವುದು ಈ ಎರಡನೆಯ ತುದಿಯಲ್ಲಿ. ಕರಪತ್ರವು ನಮ್ಮನ್ನು ನಡುವಿಗೆ ಕರೆಯುವುದಿಲ್ಲ, ಒಂದೇ ನೆಗೆತಕ್ಕೆ ಆಚೆಯ ತುದಿಗೆ ಹಾರಿರೆನ್ನುತ್ತದೆ.

ಇಲಿಗಳ ಮಾತನ್ನೂ ಕರಪತ್ರ ಎತ್ತಿದೆ. 2017ರಲ್ಲಿ ಕೀಟೋ ಆಹಾರ ತಿಂದ ಇಲಿಗಳ ಆಯುಸ್ಸು ಮತ್ತು ಜ್ಞಾಪಕಶಕ್ತಿ ಉತ್ತಮಗೊಂಡವೆಂದು ಎರಡು ಪ್ರಯೋಗಗಳು ವರದಿಯಾದದ್ದು ನಿಜ. ಆದರೆ 2014ರಲ್ಲಿ ಆಸ್ಟ್ರೇಲಿಯದಲ್ಲಿ ಇಪ್ಪತ್ತೈದು ಬಗೆಯ ಆಹಾರಗಳನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ದೀರ್ಘಕಾಲ ಬದುಕಿದವು ಸಸಾರಜನಕ ಕಡಿಮೆಯೂ ಪಿಷ್ಟ ಹೆಚ್ಚೂ ಇದ್ದ ಆಹಾರ ತಿಂದವು. ಇದನ್ನು ಕರಪತ್ರ ಹೇಳದು. ಪಂಜರದಲ್ಲಿ ಜೀವಗಳನ್ನಿಟ್ಟು ಕೊನೆಗೆ ಕೊಲ್ಲುವ ಇಂತಹ ಪರೀಕ್ಷೆಗಳ ಪುಣ್ಯವನ್ನು ನಾವು ಎಷ್ಟರಮಟ್ಟಿಗೆ ಉಣ್ಣಬಹುದೆಂಬುದು ಬೇರೆಯೇ ಪ್ರಶ್ನೆ.

ನನ್ನ ಮಾವನವರ ವಿಷಯ. ಮೊದಲ ಮೂರು ತಿಂಗಳಲ್ಲಿ ಕರಪತ್ರ ಗೆದ್ದಿತು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕೆ ಎಂಟೂವರೆಯಿಂದ ಆರೂಮುಕ್ಕಾಲಕ್ಕೆ ಇಳಿಯಿತು. ಅರವತ್ತೆರಡು ಕಿಲೋ ತೂಗುತ್ತಿದ್ದವರು ಐವತ್ತೇಳಾದರು. “ಏನಪ್ಪಾ, ನಿನ್ನ ಪುಸ್ತಕಗಳಲ್ಲಿ ಇಷ್ಟು ಬೇಗ ಫಲ ಕೊಡುವ ಶ್ಲೋಕವಿದೆಯೆ?” ಎಂದು ನನ್ನನ್ನು ಹಾಸ್ಯ ಮಾಡಿದರು. ನಾನು ಸುಮ್ಮನಾದೆ, ಏಕೆಂದರೆ ಅಂಕೆ ಸುಳ್ಳಾಗಿರಲಿಲ್ಲ. ಪಿಷ್ಟವನ್ನು ಕಡಿಮೆ ಮಾಡಿದರೆ ಸಕ್ಕರೆ ಇಳಿಯುವುದು ಸಹಜ. ಅದನ್ನು ಅಲ್ಲಗಳೆಯುವವರು ಹಟಮಾರಿಗಳು. ತೂಕದ ಮಟ್ಟಿಗೆ ಮಾತ್ರ, 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ, ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದರೆಂದೂ, ಆ ಅಂತರಕ್ಕೆ ಬೆಲೆಯಿಲ್ಲವೆಂದೂ ತೀರ್ಮಾನಿಸಿತು.

ಆರನೆಯ ತಿಂಗಳಿಗೆ ಮಳೆಗಾಲ. ತೂಕ ಐವತ್ನಾಲ್ಕಕ್ಕೆ ಇಳಿದಿತ್ತು. ತೋಟದ ಇಳಿಜಾರಿನಲ್ಲಿ ಏರುವಾಗ ಅವರು ಅಡಕೆಯ ಮರವನ್ನು ಹಿಡಿದು ನಿಲ್ಲುತ್ತಿದ್ದರು. ತೊಡೆ ತೋಳುಗಳು ಕೃಶವಾದುವು. ಒಂದು ದಿನ ಬಸದಿಯ ಮೆಟ್ಟಿಲಿನ ಮೇಲೆ ಕಾಲು ಎತ್ತಲಾರದೆ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿಯಿತು. ಎಲ್ಲವನ್ನೂ ಕರಪತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಎಪ್ಪತ್ತನಾಲ್ಕರಲ್ಲಿ ಬೀಳುವವರು ಅನ್ನ ಉಂಡೂ ಬೀಳುತ್ತಾರೆ. ಆದರೂ ಅವರ ತಟ್ಟೆಯನ್ನು ಒಮ್ಮೆ ಲೆಕ್ಕ ಹಾಕಿದೆ. ಅನ್ನ ಹೋಗಿತ್ತು, ಅದರ ಜೊತೆಗೆ ಅನ್ನದ ಮೇಲೆ ಸುರಿದುಕೊಳ್ಳುತ್ತಿದ್ದ ತೊವ್ವೆಯೂ ಸಾರೂ ಹೋಗಿದ್ದುವು, ಅನ್ನವಿಲ್ಲದೆ ಅವನ್ನು ಉಣ್ಣುವ ರೂಢಿ ನಮ್ಮಲ್ಲಿಲ್ಲವಾದುದರಿಂದ. ಪನೀರು ಕೊಪ್ಪದಿಂದ ಬಂದ ದಿನ ಇತ್ತು, ಬಾರದ ದಿನ ಇಲ್ಲ. ಉಳಿದದ್ದು ತುಪ್ಪ, ಕೊಬ್ಬರಿ, ಸೌತೆಕಾಯಿ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ಒಂದರಿಂದ ಒಂದೂಕಾಲು ಗ್ರಾಮಿನಷ್ಟು ಸಸಾರಜನಕ ಬೇಕೆಂದು ವೃದ್ಧಾಪ್ಯವನ್ನು ಅಭ್ಯಸಿಸುವ ವೈದ್ಯರು ಹೇಳುತ್ತಾರೆ. ಮುಪ್ಪಿನಲ್ಲಿ ಮಾಂಸಖಂಡ ತಾನಾಗಿಯೇ ಕರಗುವುದರಿಂದ ಯೌವನಕ್ಕಿಂತ ಆಗ ಅದರ ಅಗತ್ಯ ಹೆಚ್ಚು. ಅವರಿಗೆ ದೊರೆಯುತ್ತಿದ್ದುದು ಅದರ ಅರ್ಧವೂ ಅಲ್ಲ. ಇಳಿದ ಎಂಟು ಕಿಲೋದಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟೆಂದು ಯಾರೂ ಅಳೆಯಲಿಲ್ಲ. ತಕ್ಕಡಿಗೆ ಎರಡೂ ಒಂದೇ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಗ್ಲಿಮಿಪಿರೈಡ್‌ನಂತಹ ಮಾತ್ರೆ ನುಂಗುವವರೂ ಔಷಧದ ಪ್ರಮಾಣವನ್ನು ತಗ್ಗಿಸದೆ ಪಿಷ್ಟವನ್ನು ಒಮ್ಮೆಲೇ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳು ಈಗ ಅಗ್ಗವಾಗಿ ಎಲ್ಲೆಡೆಯೂ ಬಳಕೆಯಲ್ಲಿವೆ. ಅವನ್ನು ಸೇವಿಸುತ್ತ ಪಿಷ್ಟವನ್ನೂ ಬಿಟ್ಟವರಲ್ಲಿ, ರಕ್ತದ ಸಕ್ಕರೆ ಹೆಚ್ಚಿಲ್ಲದಿದ್ದರೂ ಕೀಟೋನುಗಳು ಮಿತಿಮೀರಿ ರಕ್ತ ಆಮ್ಲೀಯವಾಗುವ ಗಂಡಾಂತರವುಂಟು. ದಶಲಕ್ಷಣಪರ್ವದ ಉಪವಾಸಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವ್ರತ ಹಿಡಿಯುವ ಮುಂಚೆ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸುವುದರಿಂದ ವ್ರತಭಂಗವಾಗದು.

ಈಗ ಕರಪತ್ರದ ಕೊನೆಯ ಪುಟ. ಪಿಷ್ಟತ್ಯಾಗವು ನಮ್ಮ ತಪಸ್ಸಿನ ರೂಪವೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸುವ ಆರು ಬಾಹ್ಯ ತಪಗಳಲ್ಲಿ ಮೊದಲ ನಾಲ್ಕು ಆಹಾರಕ್ಕೆ ಸಂಬಂಧಿಸಿದವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಇವುಗಳಲ್ಲಿ ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು. ಧಾನ್ಯವನ್ನಿಟ್ಟುಕೊಂಡು ನಾಲಗೆಗೆ ಪ್ರಿಯವಾದುದನ್ನು ತ್ಯಜಿಸುವ ಕ್ರಮವಿದು. ಕರಪತ್ರವು ಇದನ್ನು ತಲೆಕೆಳಗು ಮಾಡಿದೆ; ಬೆಲ್ಲವೊಂದನ್ನು ಬಿಡಿಸಿ, ಧಾನ್ಯವನ್ನೂ ಬಿಡಿಸಿ, ತುಪ್ಪವನ್ನೂ ಹಾಲಿನ ಘನವನ್ನೂ ತೃಪ್ತಿಯಾಗುವಷ್ಟು ತಿನ್ನಿಸುತ್ತದೆ. ಹೊಟ್ಟೆ ತುಂಬ ತಿಂದು ಇಳಿಯಿರಿ ಎಂಬುದೇ ಅದರ ಆಕರ್ಷಣೆ. ಅವಮೌದರ್ಯದ ದಾರಿ ಬೇರೆ. ಪುರುಷನಿಗೆ ಮೂವತ್ತೆರಡು, ಸ್ತ್ರೀಗೆ ಇಪ್ಪತ್ತೆಂಟು ತುತ್ತುಗಳನ್ನು ಪೂರ್ಣಾಹಾರವೆಂದು ಹಿಡಿದು, ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ಅದು ತಪವೆಂದು ಆಚಾರ್ಯರು ಗಣಿಸಿದರು. ಯಾವ ವಸ್ತುವೆಂಬುದಕ್ಕಿಂತ ಎಷ್ಟೆಂಬ ಪ್ರಶ್ನೆ ಅಲ್ಲಿ ಮುಂದು. ಒಂದೇ ತುತ್ತಿಗೂ ಲೆಕ್ಕವಿಟ್ಟ ಈ ಔದಾರ್ಯವು ಎಲ್ಲವನ್ನೂ ಒಂದೇ ದಿನದಲ್ಲಿ ಬಿಡಿರೆನ್ನುವ ಕರಪತ್ರಕ್ಕೆ ಅರ್ಥವಾಗದು.

ಇದಕ್ಕೆ ಪ್ರತಿಯಾಗಿ ನಮ್ಮ ಉಪನ್ಯಾಸಕರು ಮಾಡುವ ತಪ್ಪೊಂದಿದೆ. ನಾವು ಕಂದಮೂಲ ತಿನ್ನುವುದಿಲ್ಲ, ಆದುದರಿಂದ ನಮ್ಮ ಆಹಾರ ಮೊದಲೇ ಪಿಷ್ಟ ಕಡಿಮೆಯದೆಂದು ಅವರು ಸಭೆಗಳಲ್ಲಿ ಹೇಳುತ್ತಾರೆ. ಗೆಡ್ಡೆಗೆಣಸುಗಳನ್ನು ವರ್ಜಿಸಿದ್ದು ಅವು ಅನಂತಕಾಯವೆಂಬ ಕಾರಣಕ್ಕೆ, ಜೀವದಯೆಗಾಗಿ. ಪಿಷ್ಟದ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಸುವಿನ ಗೆಡ್ಡೆ ಬಿಟ್ಟವನು ಹಲಸಿನ ಹಣ್ಣಿನಲ್ಲಿ ಅದರ ಎರಡರಷ್ಟನ್ನು ತಿನ್ನಬಲ್ಲ. ರಾತ್ರಿಭೋಜನತ್ಯಾಗದ ಮಾತೂ ಹೀಗೆಯೇ. 2018ರಲ್ಲಿ ಅಮೆರಿಕೆಯಲ್ಲಿ, ದಿನದ ಊಟವನ್ನೆಲ್ಲ ಮಧ್ಯಾಹ್ನ ಮೂರರೊಳಗೆ ಮುಗಿಸಿದವರಲ್ಲಿ ಇನ್ಸುಲಿನ್ನಿನ ಕಾರ್ಯ ಉತ್ತಮಗೊಂಡಿತೆಂಬ ಪರೀಕ್ಷೆಯನ್ನು ನಮ್ಮವರು ಡಂಗುರ ಹೊಯ್ದರು. ಆ ಪರೀಕ್ಷೆಗೆ ಒಳಗಾದವರು ಎಂಟು ಮಂದಿ ಗಂಡಸರು, ಐದು ವಾರ. ಎಂಟು ಜನರ ಊರುಗೋಲಿನ ಮೇಲೆ ಅಣುವ್ರತಿಯ ನಿಯಮವನ್ನು ನಿಲ್ಲಿಸಿದರೆ, ನಾಳೆ ಒಂಬತ್ತು ಜನರ ಪರೀಕ್ಷೆ ಬೇರೆ ಹೇಳಿದಾಗ ಏನು ಮಾಡಬೇಕು?

ಮುಪ್ಪನ್ನು ತಡೆಯುವ ಆಸೆಯೇ ಶ್ರಾವಕನಿಗೆ ಸಲ್ಲದೆಂದು ಕೆಲವು ಹಿರಿಯರು ನನಗೆ ಹೇಳಿದ್ದುಂಟು. ಈ ಮಾತನ್ನು ನಾನು ಒಪ್ಪಲಾರೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ದೇವನಾರಕಿಗಳು, ಚರಮದೇಹಿಗಳು ಮೊದಲಾದವರ ಆಯುಸ್ಸು ಅನಪವರ್ತ್ಯ, ಅಂದರೆ ನಡುವೆ ಕುಗ್ಗಲಾರದೆಂದು ಹೇಳುತ್ತದೆ. ನಮ್ಮಂತಹ ಸಾಮಾನ್ಯರ ಆಯುಸ್ಸು ಬಾಹ್ಯ ನಿಮಿತ್ತಗಳಿಂದ ಕುಗ್ಗಬಹುದೆಂಬುದು ಅದರಿಂದ ತಾನೇ ಸಿದ್ಧವಾಗುತ್ತದೆ. ಕಟ್ಟಿದ ಆಯುಸ್ಸನ್ನು ಹಿಗ್ಗಿಸಲು ಬಾರದು, ಕುಗ್ಗದಂತೆ ನೋಡಿಕೊಳ್ಳಬಹುದು. ವಿಜ್ಞಾನಿಗಳ 33 ವರ್ಷ, 29 ವರ್ಷಗಳ ಲೆಕ್ಕವನ್ನು ಈ ಕಣ್ಣಿನಿಂದ ಓದಿದರೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಯಾವ ಊಟವೂ ಯಾರಿಗೂ ನಾಲ್ಕು ವರ್ಷ ಕೊಟ್ಟಿಲ್ಲ. ಒಂದು ಬಗೆಯ ಊಟ ನಾಲ್ಕು ವರ್ಷ ಕಸಿದುಕೊಂಡಿರಬಹುದು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಸಂದರ್ಭಗಳನ್ನು ಹೇಳುವಾಗ ಮುಪ್ಪನ್ನೂ ರೋಗವನ್ನೂ ಸೇರಿಸುತ್ತಾರೆ, ಆದರೆ ಅವು ಪ್ರತೀಕಾರವಿಲ್ಲದವುಗಳಾದಾಗ ಎಂಬ ನಿಬಂಧನೆಯೊಡನೆ. ಪ್ರತೀಕಾರವಿರುವ ಬಳಲಿಕೆಯನ್ನು ಸಹಿಸುತ್ತ ಕೂರುವುದಕ್ಕೆ ಅಲ್ಲಿ ಆಧಾರವಿಲ್ಲ.

ಮಣಿಕಟ್ಟಿಗೆ ಪಟ್ಟಿ ಕಟ್ಟಿದ ವೈದ್ಯರು ಮಾವನವರಿಗೆ ದಿನಕ್ಕೆರಡು ಮೊಟ್ಟೆ ತಿನ್ನಿರೆಂದರು. ಅವರದು ತಪ್ಪಲ್ಲ, ಅವರಿಗೆ ಗೊತ್ತಿರುವ ಸುಲಭದ ಸಸಾರಜನಕ ಅದು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಮದ್ಯ, ಮಾಂಸ, ಮಧುಗಳ ಪ್ರಯೋಗವಿಲ್ಲದೆ ರಚಿಸಿದರು, ನೃಪತುಂಗನ ಆಸ್ಥಾನದಲ್ಲಿ ವೈದ್ಯರ ನಡುವೆ ನಿಂತು ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ವಾದಿಸಿದ ಹಿತಾಹಿತ ಪ್ರಕರಣವೂ ಆ ಗ್ರಂಥದ ಕೊನೆಯಲ್ಲಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಆಧರಿಸಿ ಕನ್ನಡದಲ್ಲಿ ಬರೆದ ‘ಕರ್ನಾಟಕ ಕಲ್ಯಾಣಕಾರಕ’ದ ನಿಲುವೂ ಇದೇ. ಇವರು ಇದನ್ನು ತಿನ್ನಬೇಡಿರೆಂದು ಹೇಳಿ ಕೈತೊಳೆದುಕೊಂಡವರಲ್ಲ; ಅದರ ಬದಲು ಏನೆಂಬುದನ್ನು ವೈದ್ಯನ ಭಾಷೆಯಲ್ಲಿಯೇ ಕಟ್ಟಿಕೊಟ್ಟವರು. ಇಂದು ನಮ್ಮಲ್ಲಿ ಕೊರತೆಯಿರುವುದು ಇಂತಹ ಕೆಲಸಕ್ಕೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ, ಅಕ್ಕಿಯಲ್ಲಿರುವುದು 8. ಹುರುಳಿಯನ್ನು ನಾವು ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಕಾಳನ್ನು ಎಮ್ಮೆಗೆ ಹಾಕುತ್ತೇವೆ. ಎಮ್ಮೆಗಳು ನಮಗಿಂತ ಗಟ್ಟಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಬಲಿಯದ ಹಲಸಿನ ಕಾಯಿಯ ಹಿಟ್ಟನ್ನು ದಿನಕ್ಕೆ 30 ಗ್ರಾಮಿನಂತೆ ಅನ್ನರೊಟ್ಟಿಗಳ ಬದಲು ಬಳಸಿದ ಮಧುಮೇಹಿಗಳಲ್ಲಿ ಹನ್ನೆರಡು ವಾರಗಳಲ್ಲಿ ಸಕ್ಕರೆ ಇಳಿಯಿತೆಂದು ಆಂಧ್ರದ ಶ್ರೀಕಾಕುಳದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಹೇಳಿದೆ. ಒಟ್ಟು ನಲವತ್ತೇ ಜನರ ಸಣ್ಣ ಪರೀಕ್ಷೆ. ಆದರೂ ಜ್ಯೇಷ್ಠದಲ್ಲಿ ಮರದ ಬುಡದಲ್ಲಿ ಕೊಳೆಯುವ ಹಲಸನ್ನು ಕಂಡ ನಮ್ಮೂರಿನವರು ಕಾಯಿಯನ್ನು ಹಣ್ಣಾಗುವ ಮುಂಚೆ ಕೊಯ್ದು ನೋಡಿದರೆ ನಷ್ಟವೇನು? ಮಂಗರಸನೂ ಹಲಸಿಗೆ ಪ್ರತ್ಯೇಕ ಸ್ಥಾನ ಕೊಟ್ಟವನೇ.

ಬಸದಿಗಳ ಟ್ರಸ್ಟಿನವರಿಗೆ ಒಂದು ಮಾತು ಹೇಳಬೇಕಾಗಿದೆ. ಶೃಂಗೇರಿಯ ಪೇಟೆಯ ನಡುವಿನ ಪಾರ್ಶ್ವನಾಥ ಬಸದಿಗೂ ಸಿಂಹನಗದ್ದೆಯ ಜ್ವಾಲಾಮಾಲಿನೀ ಸನ್ನಿಧಿಗೂ ದರ್ಶನಕ್ಕೆ ಬರುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ನಮ್ಮ ಸೀಮೆಯ ಉತ್ಸವಗಳ ಸಂತರ್ಪಣೆಯಲ್ಲಿ ಸಾಮಾನ್ಯವಾಗಿ ಮೊದಲು ಚಿತ್ರಾನ್ನ, ಅನಂತರ ಅನ್ನ ಸಾರು, ಮತ್ತೆ ಅನ್ನ ಹುಳಿ, ಪಾಯಸ, ಲಾಡು, ಕೊನೆಗೆ ಅನ್ನ ಮಜ್ಜಿಗೆ. ನಾಲ್ಕು ಸಲ ಅನ್ನ, ಎರಡು ಸಿಹಿ. ಎಲೆಯ ತುದಿಯಲ್ಲಿ ಒಂದು ಚಮಚ ಕೋಸಂಬರಿ. 2024ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿದ ಮಾರ್ಗಸೂಚಿಯು ಧಾನ್ಯಗಳಿಂದ ಬರುವ ಶಕ್ತಿ ನೂರಕ್ಕೆ 45 ಭಾಗ ಮೀರಬಾರದೆನ್ನುತ್ತದೆ. ಕೋಸಂಬರಿಯನ್ನು ಚಮಚದಿಂದ ಸೌಟಿಗೆ ಏರಿಸಿ, ಚಿತ್ರಾನ್ನವನ್ನು ಕೈಬಿಟ್ಟು, ಸಿಹಿಯನ್ನು ಒಂದಕ್ಕೆ ಇಳಿಸಿದರೆ ಧರ್ಮಕ್ಕೂ ಖರ್ಚಿಗೂ ಬಾಧೆಯಿಲ್ಲ. ದ್ವಿದಳದೋಷದ ಎಚ್ಚರಿಕೆ ಮಾತ್ರ ಬೇಕು: ಬೇಳೆಕಾಳು ಹೆಚ್ಚಿಸುವ ಉತ್ಸಾಹದಲ್ಲಿ ಕೋಸಂಬರಿಗೆ ಮೊಸರು ಬೆರೆಸಕೂಡದು, ಮಜ್ಜಿಗೆ ಹುಳಿಗೆ ಕಡಲೆಹಿಟ್ಟು ಹಾಕಕೂಡದು. ನಿಯಮಿಗಳು ಬೇಳೆ ಉಂಡ ಮೇಲೆ ಮಜ್ಜಿಗೆಯನ್ನೇ ಬಿಡುವುದುಂಟು. ಅವರಿಗೆ ಬೆಚ್ಚಗಿನ ಕಷಾಯವಾದರೂ ಇರಲಿ.

ಮಾವನವರು ಈಗ ಮಧ್ಯಾಹ್ನ ಒಂದು ಸೌಟು ಕುಸುಬಲಕ್ಕಿ ಅನ್ನ, ಅದಕ್ಕೆ ಸಮನಾಗಿ ಹುರುಳಿಯೋ ಹೆಸರೋ, ಸೊಪ್ಪಿನ ಪಲ್ಯ ಉಣ್ಣುತ್ತಾರೆ. ಸಂಜೆ ಐದೂವರೆಗೆ ಒಂದು ರಾಗಿರೊಟ್ಟಿ, ಹಾಲು. ಸಕ್ಕರೆಯ ಅಂಕೆ ಏಳಕ್ಕೆ ಏರಿದೆ, ಒಂದು ಮಾತ್ರೆ ಮರಳಿ ಬಂದಿದೆ. ತೂಕ ಐವತ್ತೇಳು. ತೋಟದ ಏರಿಯನ್ನು ಕೈಕೋಲಿನ ಸಹಾಯದಿಂದ ಹತ್ತುತ್ತಾರೆ. ಮೊನ್ನೆ ಹೋದಾಗ ನಾನು ಕೊಟ್ಟಿದ್ದ ಸೂಪಶಾಸ್ತ್ರ ಅವರ ತಲೆದಿಂಬಿನ ಬಳಿ ಇತ್ತು. ಗುರುತಿಗೆ ಆ ಕರಪತ್ರವನ್ನೇ ಮಡಿಸಿ ಪುಟಗಳ ನಡುವೆ ಇಟ್ಟಿದ್ದರು. “ಪಿಷ್ಟಪಾಕ ಮುಗಿಸಿದೆಯಪ್ಪಾ. ಓದುವುದಕ್ಕೆ ಮಾತ್ರೆ ನುಂಗಬೇಕಾಗಿಲ್ಲವಲ್ಲ” ಎಂದರು.